ಅಂಗನವಾಡಿಗೆ ಹಾಕಿದ ಹಣ ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ವ್ಯಾಪ್ತಿಯಲ್ಲಿ ಎಂಟು ಅಂಗನವಾಡಿಗಳಿವೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಒಂದಿಷ್ಟನ್ನು ಅಲ್ಲಿನ ಮಕ್ಕಳ ಕಲಿಕೆಗೆ ಮೀಸಲಿಡಬೇಕೆಂದು ನಾವು ಕೆಲವರು ಒತ್ತಾಯಿಸುತ್ತಿದ್ದೇವೆ. ಚಿಕ್ಕ ಮಕ್ಕಳ ಶಿಕ್ಷಣಕ್ಕೆ ಹಾಕಿದ ಒಂದು ರೂಪಾಯಿ ಏಳು ರೂಪಾಯಿಯಾಗಿ ಮರಳುತ್ತದೆ ಎಂದು ತರಬೇತಿಯೊಂದರಲ್ಲಿ ಕೇಳಿದ್ದೆ. ಸಭೆಯಲ್ಲಿ ಅದನ್ನೇ ಹೇಳಿದಾಗ ಹಿರಿಯ ಸದಸ್ಯರೊಬ್ಬರು, ‘ಆ ಏಳು ರೂಪಾಯಿ ಯಾರ ಕೈಗೆ ಬರುತ್ತದೆ, ಯಾವಾಗ ಬರುತ್ತದೆ, ಎಣಿಸಿದವರು ಯಾರು?’ ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಚರಂಡಿ ಮಾಡಿಸಿದರೆ ಕಣ್ಣಿಗೆ ಕಾಣುತ್ತದೆ. ಇದನ್ನು ಎರಡು ವರ್ಷದ ನಂತರ ಗ್ರಾಮಸಭೆಗೆ ತೋರಿಸುವುದು ಹೇಗೆ? ಅನುಕೂಲವಿರುವ ಮನೆಯವರು ಮಕ್ಕಳನ್ನು ಖಾಸಗಿ ಎಲ್‌ಕೆಜಿಗೆ ಕಳುಹಿಸುತ್ತಿದ್ದಾರೆ. ಆ ಮಕ್ಕಳೇ ಚುರುಕು ಎನ್ನುವವರಿಗೆ ಏನು ಹೇಳಲಿ?

ಉತ್ತರ: ಹಿರಿಯ ಸದಸ್ಯರು ಕೇಳಿದ ಮೂರೂ ಪ್ರಶ್ನೆಗಳು ಸರಿಯಾಗಿವೆ. ಅವರನ್ನು ಯೋಜನೆಯ ವಿರೋಧಿ ಎಂದು ದೂರವಿಡದೆ ಅಳತೆಯ ಕೆಲಸಕ್ಕೆ ಸೇರಿಸಿಕೊಳ್ಳಿ. ಅಂಗನವಾಡಿಗೆ ಹೆಚ್ಚು ಹಣ ಹೋಗಬೇಕು ಎಂಬ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ಹಾಗಾಗಿಯೇ, ಅಲುಗಾಡುವ ಅಂಕಿಯನ್ನು ನಂಬಿಕೊಂಡು ನೀವು ಸಭೆಗೆ ಹೋಗುವುದು ನನಗೆ ಇಷ್ಟವಿಲ್ಲ.

ಏಳು ರೂಪಾಯಿಯ ಮಾತು ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನಲ್ಲಿ. 1962ರಿಂದ 1967ರವರೆಗೆ ಡೇವಿಡ್ ವೈಕಾರ್ಟ್ ಮತ್ತು ಸಂಗಡಿಗರು ಅಲ್ಲಿನ ಪೆರ್ರಿ ಶಾಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳನ್ನು ಶಾಲಾಪೂರ್ವ ತರಗತಿಗೆ ಸೇರಿಸಿದರು. ಉಳಿದ 65 ಮಕ್ಕಳು ಎಂದಿನಂತೆ ಮನೆಯಲ್ಲೇ ಇದ್ದರು. ಯಾವ ಮಗು ಯಾವ ಗುಂಪಿಗೆ ಎಂಬುದು ತಂದೆತಾಯಿಯ ಆಸಕ್ತಿಯ ಮೇಲೆ ನಿಂತಿರಲಿಲ್ಲ, ಅದೃಷ್ಟಕ್ಕೆ ಬಿಟ್ಟಿದ್ದರು. ತರಗತಿಗೆ ಬಂದ ಮಕ್ಕಳಿಗೆ ದಿನವೂ ಬೆಳಿಗ್ಗೆ ಎರಡೂವರೆ ಗಂಟೆ ಕಲಿಕೆ. ಅದರ ಜೊತೆಗೆ ಶಿಕ್ಷಕಿ ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಿ ಮತ್ತು ಮಗುವಿನ ಜೊತೆ ಒಂದೂವರೆ ಗಂಟೆ ಕಳೆಯುತ್ತಿದ್ದರು. ಅಷ್ಟಕ್ಕೆ ಬಿಡದೆ, ಎರಡೂ ಗುಂಪಿನವರನ್ನು ಅವರು ನಡುವಯಸ್ಸು ತಲುಪುವವರೆಗೆ ಹುಡುಕಿಕೊಂಡು ಹೋಗಿ ವಿಚಾರಿಸುತ್ತಲೇ ಬಂದರು. ಈ ಪ್ರಯೋಗದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಆ ತಾಳ್ಮೆ.

ಅವರಿಗೆ 27 ವರ್ಷವಾದಾಗ ಮಾಡಿದ ಲೆಕ್ಕದಲ್ಲಿ ಹಾಕಿದ ಪ್ರತಿ ಡಾಲರಿಗೆ 7.16 ಡಾಲರ್ ಪ್ರಯೋಜನ ಬಂತು. ನಿಮ್ಮ ತರಬೇತಿಯ ‘ಏಳು ರೂಪಾಯಿ’ ಇದೇ ಇರಬೇಕು. 40 ವರ್ಷವಾದಾಗ ಲೆಕ್ಕ ಮತ್ತೆ ಮಾಡಿದರು. ಆಗ ಸಾರ್ವಜನಿಕ ಬೊಕ್ಕಸಕ್ಕೂ ಸಮಾಜಕ್ಕೂ ಡಾಲರಿಗೆ ಸುಮಾರು 13 ಡಾಲರ್ ಬಂತು. ಅದರಲ್ಲಿ 88 ಶೇಕಡಾ ಬಂದದ್ದು ಅಪರಾಧ ಕಡಿಮೆಯಾದದ್ದರಿಂದ. ತರಗತಿಗೆ ಹೋಗದವರಲ್ಲಿ ಐದು ಅಥವಾ ಹೆಚ್ಚು ಬಾರಿ ಬಂಧನಕ್ಕೊಳಗಾದವರು 55 ಶೇಕಡಾ, ಹೋದವರಲ್ಲಿ 36 ಶೇಕಡಾ. ಅಂದರೆ ಆ ಏಳು ರೂಪಾಯಿಯಲ್ಲಿ ಬಹುಪಾಲು ಯಾರ ಕೈಗೂ ಬಂದ ನಗದಲ್ಲ. ಪೊಲೀಸ್, ನ್ಯಾಯಾಲಯ, ಜೈಲುಗಳಿಗೆ ಖರ್ಚಾಗದೆ ಉಳಿದ ಹಣ, ಅಪರಾಧಕ್ಕೆ ಬಲಿಯಾಗಬೇಕಿದ್ದವರಿಗೆ ತಪ್ಪಿದ ನಷ್ಟ. ಅಮೆರಿಕದಲ್ಲಿ ಒಬ್ಬ ಕೈದಿಯ ಮೇಲೆ ಆಗುವ ವೆಚ್ಚ ದೊಡ್ಡದು, ಆದ್ದರಿಂದ ಉಳಿತಾಯವೂ ದೊಡ್ಡದಾಯಿತು. ಆ ಗುಣಾಕಾರವನ್ನು ಹಾಗೆಯೇ ತುಮಕೂರಿಗೆ ತರಲು ಬರುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಇದೇ ಮಾಹಿತಿಯನ್ನು ಮತ್ತೆ ಪರೀಕ್ಷಿಸಿ, ಪೆರ್ರಿ ಹೂಡಿಕೆಯ ಪ್ರತಿಫಲ ವರ್ಷಕ್ಕೆ 7ರಿಂದ 10 ಶೇಕಡಾ ಎಂದರು. ಅದು ವಾರ್ಷಿಕ ದರ, ಏಳು ಪಟ್ಟು ಅಲ್ಲ. ಭಾಷಣಗಳಲ್ಲಿ ಎರಡು ಏಳುಗಳೂ ಬೆರೆತುಹೋಗಿವೆ.

‘ಯಾವಾಗ’ ಎಂಬ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಪ್ರತಿಫಲ ಬರುವುದು ಇಪ್ಪತ್ತು, ಮೂವತ್ತು ವರ್ಷಗಳ ನಂತರ. ಇಂದಿನ ನೂರು ರೂಪಾಯಿಯೂ 25 ವರ್ಷದ ನಂತರ ಬರುವ ನೂರು ರೂಪಾಯಿಯೂ ಒಂದೇ ಅಲ್ಲ. ವರ್ಷಕ್ಕೆ 3 ಶೇಕಡಾ ದರದಲ್ಲಿ ಹಿಂದಕ್ಕೆ ಎಣಿಸಿದರೆ ಆ ನೂರರ ಇಂದಿನ ಬೆಲೆ ಸುಮಾರು 48 ರೂಪಾಯಿ, 8 ಶೇಕಡಾ ದರದಲ್ಲಿ 15 ರೂಪಾಯಿಗೂ ಕಡಿಮೆ. ಯಾವ ದರ ಹಿಡಿದರು ಎಂದು ಹೇಳದೆ ‘ಇಷ್ಟು ಪಟ್ಟು ಲಾಭ’ ಎಂದವರ ಲೆಕ್ಕವನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಹಾಗಾದರೆ ಏನನ್ನು ನಂಬಬೇಕು? ಇಡೀ ವಿಷಯ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಈ ಹಣ ಹಾಕದೆ ಇದ್ದಿದ್ದರೆ ಇದೇ ಮಗು ಇಂದು ಎಲ್ಲಿರುತ್ತಿತ್ತು? ಒಂದೇ ಮಗುವನ್ನು ಎರಡು ಬಾರಿ ಬೆಳೆಸಿ ನೋಡಲು ಆಗುವುದಿಲ್ಲ. ಆದ್ದರಿಂದ ಆ ಮಗುವಿಗೆ ಸಾಟಿಯಾಗಬಲ್ಲ ಬೇರೆ ಮಕ್ಕಳನ್ನು ಹುಡುಕಬೇಕು. ನಿಮ್ಮ ಕಡೆಯ ರಾಗಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಹೊಸ ಗೊಬ್ಬರ ಹಾಕಿ, ಇಳುವರಿ ಹೆಚ್ಚಿದ್ದು ಗೊಬ್ಬರದಿಂದ ಎಂದರೆ ಯಾರೂ ಒಪ್ಪುವುದಿಲ್ಲ. ಅದೇ ಹೊಲದ ಅರ್ಧಕ್ಕೆ ಹಾಕಿ, ಅರ್ಧವನ್ನು ಬಿಟ್ಟು ನೋಡು ಎನ್ನುತ್ತಾರೆ.

ಜೂನ್‌ನಲ್ಲಿ ಮಗುವಿಗೆ ಹತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ, ಮಾರ್ಚ್‌ನಲ್ಲಿ ಬಂತು ಎಂದು ತೋರಿಸುವ ವರದಿಗಳು ಸೋಲುವುದು ಇಲ್ಲಿಯೇ. ನಾಲ್ಕು ವರ್ಷದ ಮಗು ಒಂಬತ್ತು ತಿಂಗಳಲ್ಲಿ ಹೇಗಿದ್ದರೂ ಬೆಳೆಯುತ್ತದೆ. ಅಜ್ಜಿಯ ಪಕ್ಕ ಕೂತೇ ಎಷ್ಟೋ ಕಲಿಯುತ್ತದೆ. ಖಾಸಗಿ ಎಲ್‌ಕೆಜಿಯ ಹೋಲಿಕೆ ಸೋಲುವುದೂ ಇದೇ ಕಾರಣಕ್ಕೆ. ಶುಲ್ಕ ಕಟ್ಟಬಲ್ಲ ಮನೆಯಲ್ಲಿ ಓದಿದ ತಾಯಿ, ಪುಸ್ತಕ, ಹಾಲು, ಮೊಟ್ಟೆ ಎಲ್ಲವೂ ಸ್ವಲ್ಪ ಹೆಚ್ಚೇ ಇರುತ್ತವೆ. ಆ ಮಗುವಿನ ಚುರುಕಿನಲ್ಲಿ ಎಲ್‌ಕೆಜಿಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬುದು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ತಿಳಿಯುವುದಿಲ್ಲ. ವಯಸ್ಸಿನ ವ್ಯತ್ಯಾಸವೂ ದೊಡ್ಡದು. 2019ರಲ್ಲಿ ಅಸರ್ ಸಂಸ್ಥೆ 4ರಿಂದ 8 ವರ್ಷದ ಮಕ್ಕಳನ್ನೇ ಗುರಿಯಾಗಿಟ್ಟು 24 ರಾಜ್ಯಗಳ 26 ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿತು. ಒಂದನೇ ತರಗತಿಯಲ್ಲೇ ಕೂತ ಮಕ್ಕಳಲ್ಲಿ ವಯಸ್ಸು ಹೆಚ್ಚಿದ್ದವರು ಪ್ರತಿ ಕೆಲಸದಲ್ಲೂ ಮುಂದಿದ್ದರು. ಆರು ತಿಂಗಳು ದೊಡ್ಡದಾದ ಮಗು ಚೆನ್ನಾಗಿ ಮಾಡಿದರೆ ಅದಕ್ಕೆ ಶಾಲೆಯೇ ಕಾರಣವಾಗಬೇಕಿಲ್ಲ.

ಸಾಟಿ ಮಕ್ಕಳನ್ನು ಅದೃಷ್ಟದ ಚೀಟಿಯಿಂದ ಆರಿಸಿದರೂ ಒಂದು ಮೋಸದ ಜಾಗ ಉಳಿಯುತ್ತದೆ. ಅಮೆರಿಕದ ‘ಹೆಡ್ ಸ್ಟಾರ್ಟ್’ 1965ರಿಂದ ಬಡ ಮಕ್ಕಳಿಗಾಗಿ ನಡೆಯುತ್ತಿರುವ ಬೃಹತ್ ಸರ್ಕಾರಿ ಕಾರ್ಯಕ್ರಮ. 2002ರಲ್ಲಿ ಸಾವಿರಾರು ಮಕ್ಕಳನ್ನು ಲಾಟರಿಯಿಂದ ಆರಿಸಿ ಅದರ ಪರಿಣಾಮ ಅಳೆಯಲು ಹೊರಟರು. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಲಾಭದ ಬಹುಪಾಲು ಕಾಣದಾಯಿತು, ಯೋಜನೆ ವ್ಯರ್ಥ ಎಂಬ ಕೂಗು ಎದ್ದಿತು. ಆಮೇಲೆ ಪ್ಯಾಟ್ರಿಕ್ ಕ್ಲೈನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೊಂದು ಪ್ರಶ್ನೆ ಕೇಳಿದರು: ಲಾಟರಿಯಲ್ಲಿ ಸೋತ ಮಕ್ಕಳು ಆ ವರ್ಷ ಎಲ್ಲಿದ್ದರು? ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಬೇರೆ ಶಾಲಾಪೂರ್ವ ಕೇಂದ್ರಗಳಿಗೆ ಹೋಗಿದ್ದರು, ಅವುಗಳಲ್ಲಿ ಅನೇಕವು ಸರ್ಕಾರದ ಹಣದಿಂದಲೇ ನಡೆಯುವಂಥವು. ಮನೆಯಲ್ಲೇ ಉಳಿಯಬೇಕಿದ್ದ ಮಕ್ಕಳನ್ನು ಮಾತ್ರ ನೋಡಿದರೆ ಲಾಭ ಸ್ಪಷ್ಟವಾಗಿತ್ತು. ನಿಮ್ಮ ಊರಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಖಾಸಗಿ ಎಲ್‌ಕೆಜಿಯಿಂದ ಮಗು ಅಂಗನವಾಡಿಗೆ ಬಂದರೆ ಬರುವ ಲಾಭ ಒಂದು, ಎಲ್ಲಿಗೂ ಹೋಗದೆ ತೋಟದ ಕೆಲಸಕ್ಕೆ ತಾಯಿಯ ಹಿಂದೆ ಹೋಗುತ್ತಿದ್ದ ಮಗು ಬಂದರೆ ಬರುವ ಲಾಭ ಇನ್ನೊಂದು. ಎರಡನ್ನೂ ಒಂದೇ ಸರಾಸರಿಯಲ್ಲಿ ಮುಳುಗಿಸಬೇಡಿ.

ಈಗ ನಮ್ಮ ಅಂಗನವಾಡಿಗೆ ಬರುತ್ತೇನೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಪೌಷ್ಟಿಕತೆಯ ಅರಿವು, ಶಾಲಾಪೂರ್ವ ಶಿಕ್ಷಣ ಎಂದು ಆರು ಸೇವೆಗಳು. ಈ ಆರರಲ್ಲಿ ಐದು ಎಣಿಕೆಗೆ ಸಿಗುತ್ತವೆ. ಎಷ್ಟು ಮೊಟ್ಟೆ ಹಂಚಿದರು, ಎಷ್ಟು ಮಕ್ಕಳ ತೂಕ ತೆಗೆದರು, ಎಷ್ಟು ಗರ್ಭಿಣಿಯರು ನೋಂದಾಯಿಸಿದರು ಎಂಬುದಕ್ಕೆಲ್ಲ ದಾಖಲೆ ಪುಸ್ತಕವಿದೆ, 2021ರಿಂದ ಪೋಷಣ್ ಟ್ರ್ಯಾಕರ್ ಮೊಬೈಲ್ ಆ್ಯಪ್ ಕೂಡ ಇದೆ. ಮಗು ಇಂದು ಕತೆ ಕೇಳಿತೇ, ಬೀಜ ಜೋಡಿಸಿ ಎಣಿಸಿತೇ ಎಂಬುದನ್ನು ಅದೇ ಕಟ್ಟುನಿಟ್ಟಿನಿಂದ ಯಾರೂ ಕೇಳುವುದಿಲ್ಲ. ಮೇಲಿನವರು ಏನನ್ನು ಕೇಳುತ್ತಾರೋ ಅದಕ್ಕೆ ಕಾರ್ಯಕರ್ತೆಯ ಹೊತ್ತು ಹೋಗುತ್ತದೆ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅವರ ಮೇಲೆ ಆರು ಸೇವೆ, ಅದರ ಮೇಲೆ ಸಮೀಕ್ಷೆ, ಮೇಲಧಿಕಾರಿಗಳ ಸಭೆ, ಚುನಾವಣೆಯ ಕೆಲಸ. ಪಾಠಕ್ಕೆ ಸಮಯ ಸಾಲದ್ದನ್ನು ಅವರ ಉದಾಸೀನ ಎಂದು ಬರೆದ ವರದಿಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ.

ಈ ಗಂಟನ್ನು ಬಿಡಿಸಿ ನೋಡಿದ ಪ್ರಯೋಗ ನಮ್ಮ ಪಕ್ಕದ ರಾಜ್ಯದಲ್ಲೇ ನಡೆದಿದೆ. ನಿಮ್ಮ ಸಭೆಯಲ್ಲಿ ಇಪ್ಸಿಲ್ಯಾಂಟಿಯ ಬದಲು ಅದರ ಮಾತು ಬರಬೇಕು. ಅಲೆಹಾಂದ್ರೊ ಗಾನಿಮಿಯಾನ್, ಕಾರ್ತಿಕ್ ಮುರಳೀಧರನ್ ಮತ್ತು ಮೇಲೆ ಹೇಳಿದ ಕ್ರಿಸ್ಟೋಫರ್ ವಾಲ್ಟರ್ಸ್ ತಮಿಳುನಾಡು ಸರ್ಕಾರದ ಜೊತೆಗೂಡಿ ನಾಲ್ಕು ಜಿಲ್ಲೆಗಳ 320 ಅಂಗನವಾಡಿಗಳನ್ನು ತೆಗೆದುಕೊಂಡರು. ಲಾಟರಿಯಿಂದ ಆರಿಸಿದ ಅರ್ಧದಷ್ಟು ಕೇಂದ್ರಗಳಿಗೆ ಒಬ್ಬೊಬ್ಬ ಹೆಚ್ಚುವರಿ ಅರೆಕಾಲಿಕ ಕಾರ್ಯಕರ್ತೆಯನ್ನು ಕೊಟ್ಟರು. ಅವರ ಕೆಲಸ ಮಕ್ಕಳ ಕಲಿಕೆ ಮಾತ್ರ. ಉಳಿದ ಕೇಂದ್ರಗಳು ಹಿಂದಿನಂತೆಯೇ ನಡೆದವು. ಹೊಸ ಕಟ್ಟಡವಾಗಲಿ ದುಬಾರಿ ಆಟಿಕೆಯಾಗಲಿ ಇದರಲ್ಲಿ ಇರಲಿಲ್ಲ.

ಕಲಿಕೆಗೆ ಸಿಕ್ಕ ಸಮಯ ಎರಡು ಪಟ್ಟಾಯಿತು. ಒಂದೂವರೆ ವರ್ಷದ ನಂತರ ಕೇಂದ್ರದಲ್ಲಿ ಮುಂದುವರಿದಿದ್ದ ಮಕ್ಕಳ ಸಾಧನೆ ಗಣಿತದಲ್ಲಿ 0.29, ಭಾಷೆಯಲ್ಲಿ 0.46 ಪ್ರಮಾಣಿತ ವಿಚಲನೆಯಷ್ಟು ಏರಿತ್ತು. ಈ ಅಳತೆಯನ್ನು ಊರಿನ ಭಾಷೆಗೆ ಇಳಿಸುವುದಾದರೆ ಹೀಗೆ: ನೂರು ಮಕ್ಕಳನ್ನು ಸಾಧನೆಯ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಇರುವ ಮಗು ಗಣಿತದಲ್ಲಿ ಸುಮಾರು 61ನೇ ಸ್ಥಾನಕ್ಕೆ, ಭಾಷೆಯಲ್ಲಿ ಸುಮಾರು 68ನೇ ಸ್ಥಾನಕ್ಕೆ ಏರಿದಂತೆ. ಕುಳ್ಳತನ ಮತ್ತು ತೀವ್ರ ಅಪೌಷ್ಟಿಕತೆಯೂ ಆ ಕೇಂದ್ರಗಳಲ್ಲಿ ಕಡಿಮೆಯಾಗಿತ್ತು. ಪಾಠಕ್ಕೆಂದು ಬಂದವರು ಪೌಷ್ಟಿಕತೆಯನ್ನು ಹೇಗೆ ಸುಧಾರಿಸಿದರು? ಮೊದಲಿನ ಕಾರ್ಯಕರ್ತೆಗೆ ಬಿಡುವು ಸಿಕ್ಕಿತು. ಅವರು ಆ ಹೊತ್ತನ್ನು ಆಹಾರ ಮತ್ತು ಆರೋಗ್ಯದ ಕೆಲಸಕ್ಕೆ ಕೊಟ್ಟರು. ಮಕ್ಕಳು ದೊಡ್ಡವರಾದ ಮೇಲೆ ಗಳಿಸಬಹುದಾದ ಹೆಚ್ಚುವರಿ ಆದಾಯವನ್ನು ಅಂದಾಜು ಮಾಡಿ, ಪ್ರಯೋಜನ ವೆಚ್ಚದ 13ರಿಂದ 21 ಪಟ್ಟು ಇರಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಈ ‘ಪಟ್ಟು’ ಅಂದಾಜೇ. ಆ ಮಕ್ಕಳು ಇನ್ನೂ ದುಡಿಯಲು ಶುರು ಮಾಡಿಲ್ಲ. ಆದರೆ ಕಲಿಕೆಯ ಏರಿಕೆ ಮತ್ತು ಪೌಷ್ಟಿಕತೆಯ ಸುಧಾರಣೆ ಅಳೆದು ಕಂಡವು. ಸಭೆಯಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ಹೇಳಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಆ ತಂಡ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಕೇಂದ್ರಕ್ಕೆ ಬರುವ ಮಕ್ಕಳನ್ನು ಮಾತ್ರ ಅಳೆಯದೆ ಊರಿನ ಮನೆಗಳಿಗೂ ಹೋಗಿ ಅಳೆಯಿತು. ಅಲ್ಲೂ ಪರಿಣಾಮ ಕಂಡಿತು, ಪ್ರಮಾಣ ಕಡಿಮೆ. ಕಡಿಮೆ ಇರುವುದೇ ಸಹಜ, ಏಕೆಂದರೆ ಊರಿನ ಎಲ್ಲ ಮಕ್ಕಳೂ ಅಂಗನವಾಡಿಗೆ ಹೋಗುವುದಿಲ್ಲ. ಹಾಜರಿದ್ದವರನ್ನಷ್ಟೇ ಅಳೆಯುವ ಯೋಜನೆ ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ.

ಲಾಭ ಎಷ್ಟು ಕಾಲ ಉಳಿಯುತ್ತದೆ ಎಂಬುದರ ಬಗ್ಗೆ ಸಂಶೋಧಕರಲ್ಲೇ ದೊಡ್ಡ ಜಗಳವಿದೆ, ಅದನ್ನು ನಿಮ್ಮಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ. ಪೆರ್ರಿ ಮಕ್ಕಳ ಬುದ್ಧಿಮಾಪನದ ಅಂಕ ಆರಂಭದಲ್ಲಿ ಜಿಗಿದು, ಪ್ರಾಥಮಿಕ ಶಾಲೆಯ ನಡುವಿಗೆ ಬರುವಷ್ಟರಲ್ಲಿ ಉಳಿದವರ ಸಮಕ್ಕೆ ಬಂದಿತ್ತು. ಅಲ್ಲಿಗೇ ಅಳತೆ ನಿಲ್ಲಿಸಿದ್ದರೆ ಪ್ರಯೋಗ ಸೋತಿತು ಎಂದು ಬರೆಯುತ್ತಿದ್ದರು. ಅಮೆರಿಕದ ಬಾಸ್ಟನ್ ನಗರದಲ್ಲೂ ಹೀಗೆಯೇ ಆಯಿತು. 1997ರಿಂದ 2003ರವರೆಗೆ ಸರ್ಕಾರಿ ಶಾಲಾಪೂರ್ವ ತರಗತಿಗೆ ಲಾಟರಿಯಿಂದ ಸೀಟು ಪಡೆದ ಮಕ್ಕಳನ್ನು ಪಡೆಯದವರ ಜೊತೆ ಹೋಲಿಸಿದಾಗ ಶಾಲೆಯ ಪರೀಕ್ಷಾ ಅಂಕಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಾಲೇಜಿಗೆ ಸಕಾಲದಲ್ಲಿ ಸೇರುವವರ ಪ್ರಮಾಣ ಮಾತ್ರ ನೂರಕ್ಕೆ ಎಂಟರಷ್ಟು ಹೆಚ್ಚಿತ್ತು. ಶಿಸ್ತು, ಹಿಡಿದ ಕೆಲಸ ಬಿಡದಿರುವುದು, ಶಾಲೆಯ ಬಗ್ಗೆ ಹೆದರಿಕೆ ಇಲ್ಲದಿರುವುದು ಇಂಥವು ಪ್ರಶ್ನೆಪತ್ರಿಕೆಗೆ ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಸುಮಾರು ಮೂರು ಸಾವಿರ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸರ್ಕಾರಿ ಶಾಲಾಪೂರ್ವ ತರಗತಿಗೆ ಸೀಟು ಸಿಕ್ಕ ಮಕ್ಕಳು ಆರನೇ ತರಗತಿಗೆ ಬಂದಾಗ ಅಂಕಗಳಲ್ಲೂ ಶಿಸ್ತಿನಲ್ಲೂ ಉಳಿದವರಿಗಿಂತ ಹಿಂದಿದ್ದರು. ಚಿಕ್ಕ ಮಕ್ಕಳಿಗೆ ಮಾಡಿದ್ದೆಲ್ಲವೂ ಒಳ್ಳೆಯದೇ ಎಂದು ನಂಬಿದವರಿಗೆ ಇದು ನುಂಗಲು ಕಷ್ಟವಾದ ಫಲಿತಾಂಶ, ನನಗೂ ಕಷ್ಟವಾಗಿತ್ತು. ಇದನ್ನು ಅಪವಾದ ಎಂದು ತಳ್ಳಿಹಾಕುವುದು ಸರಿಯಲ್ಲ. ತರಗತಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡದೆ ಕೇವಲ ಸೀಟುಗಳನ್ನು ಹೆಚ್ಚಿಸಿದರೆ ಫಲ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ದೆಹಲಿಯ ಒಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಪ್ರಥಮ್ ಸಂಸ್ಥೆಯ 214 ಬಾಲವಾಡಿಗಳಲ್ಲಿ 1,540 ಮಕ್ಕಳಿಗೆ ಸಂಖ್ಯೆ ಮತ್ತು ಆಕಾರಗಳ ಅಂದಾಜು ಬೆಳೆಸುವ ಆಟಗಳನ್ನು ನಾಲ್ಕು ತಿಂಗಳು ಆಡಿಸಿದರು. ಯಾವ ಗುಂಪಿನಲ್ಲಿ ಚುಕ್ಕಿ ಹೆಚ್ಚು, ಯಾವ ಆಕಾರ ಬೇರೆ ಎಂದು ಗುರುತಿಸುವ ಜಾಣ್ಮೆ ಒಂದು ವರ್ಷ ಕಳೆದರೂ ಉಳಿದಿತ್ತು. ಆದರೆ ಶಾಲೆಯಲ್ಲಿ ಅಂಕಿ, ಚಿಹ್ನೆಗಳಿಂದ ಕಲಿಸುವ ಗಣಿತಕ್ಕೆ ಅದು ನೆರವಾಗಲಿಲ್ಲ. ಅಂಗನವಾಡಿಯಲ್ಲಿ ಕಲಿತದ್ದಕ್ಕೂ ಒಂದನೇ ತರಗತಿಯ ಪಾಠಕ್ಕೂ ನಡುವೆ ಸೇತುವೆ ಇಲ್ಲದಿದ್ದರೆ ಗಳಿಕೆ ಬಳಕೆಗೆ ಬಾರದೆ ಉಳಿಯುತ್ತದೆ. ಆ ಕಾರಣಕ್ಕೆ ನಿಮ್ಮ ಅಳತೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯೂ ಸೇರಬೇಕು. ಇದಕ್ಕೆ ಮತ್ತೆ ಬರುತ್ತೇನೆ.

ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 1986ರ ಹೊತ್ತಿಗೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ನೇತೃತ್ವದಲ್ಲಿ ಕುಂಠಿತ ಬೆಳವಣಿಗೆಯ 129 ಮಕ್ಕಳನ್ನು ಆಯ್ದುಕೊಂಡರು. ಅವರಲ್ಲಿ ಕೆಲವು ಮಕ್ಕಳ ಮನೆಗೆ ಎರಡು ವರ್ಷ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ, ಮಗುವಿನೊಡನೆ ಆಡುವುದನ್ನೂ ಮಾತಾಡುವುದನ್ನೂ ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ ಉಳಿದವರಿಗಿಂತ 25 ಶೇಕಡಾ ಹೆಚ್ಚಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 35.4 ಶೇಕಡಾ ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಜಮೈಕಾದ ಪಾಠ ನಮಗೂ ಬೇಕಾದದ್ದು.

ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ, ಅಂದರೆ ದುಡಿಯುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ, ಇದ್ದರೆ ಅದರ ಅಳತೆಯಲ್ಲಿ ತಾಯಿಯ ದುಡಿಮೆಯ ದಿನಗಳನ್ನೂ ಸೇರಿಸಿ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರಿಗೆ ಶಿಶುಪಾಲನೆ ಒದಗಿಸಿದಾಗ ಕೆಲಸಕ್ಕೆ ಹೋಗುವ ತಾಯಂದಿರ ಸಂಖ್ಯೆ ಚೆನ್ನಾಗಿಯೇ ಏರಿತು, ಮಕ್ಕಳಲ್ಲಿ ಆತಂಕ ಮತ್ತು ಮುಂಗೋಪವೂ ಹೆಚ್ಚಿದ್ದು ಕಂಡಿತು. ಒಂದನ್ನು ಮಾತ್ರ ಎಣಿಸಿದ್ದರೆ ಅರ್ಧ ಸತ್ಯವಷ್ಟೇ ಸಿಗುತ್ತಿತ್ತು.

ಇನ್ನು ನಿಮ್ಮ ಎಂಟು ಅಂಗನವಾಡಿಗಳು. ಎಂಟು ಕೇಂದ್ರಗಳಿಂದ ಯೋಜನೆಯ ಪರಿಣಾಮವನ್ನು ಸಾಬೀತು ಮಾಡಲು ಸಾಧ್ಯವಿಲ್ಲ. ತಮಿಳುನಾಡಿಗೆ 320 ಕೇಂದ್ರಗಳು ಬೇಕಾದದ್ದು ಸುಮ್ಮನೆ ಅಲ್ಲ. ಒಂದು ಕೇಂದ್ರದಲ್ಲಿ ಆ ವರ್ಷ ಚುರುಕು ಮಕ್ಕಳೇ ಸೇರಿರಬಹುದು, ಇನ್ನೊಂದರಲ್ಲಿ ಅಳತೆಯ ವಾರವೇ ಜ್ವರ ಹರಡಿರಬಹುದು. ಕೇಂದ್ರಗಳು ಕಡಿಮೆಯಿದ್ದಾಗ ಇಂಥವು ಫಲಿತಾಂಶವನ್ನೇ ವಾಲಿಸಿಬಿಡುತ್ತವೆ. ದೊಡ್ಡ ಸಾಬೀತಿನ ಕೆಲಸವನ್ನು ಬೇರೆಯವರು ಮಾಡಿದ್ದಾರೆ. ನೀವು ನೋಡಬೇಕಾದದ್ದು, ಅಲ್ಲಿ ಫಲ ಕೊಟ್ಟ ಸಂಗತಿ ನಿಮ್ಮಲ್ಲಿ ನಿಜವಾಗಿ ನಡೆಯುತ್ತಿದೆಯೇ, ಮಕ್ಕಳು ಅದೇ ದಿಕ್ಕಿನಲ್ಲಿ ಸಾಗುತ್ತಿದ್ದಾರೆಯೇ ಎಂಬುದು.

ನನ್ನ ಸಲಹೆ: ಹಣವನ್ನು ಗೋಡೆಯ ಬಣ್ಣಕ್ಕೂ ಪ್ಲಾಸ್ಟಿಕ್ ಜಾರುಬಂಡಿಗೂ ಹಂಚಬೇಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಅಧಿಕಾರಿಯ ಒಪ್ಪಿಗೆ ಪಡೆದು, ನಾಲ್ಕು ಕೇಂದ್ರಗಳಿಗೆ ಊರಿನಲ್ಲೇ ಇರುವ ಓದಿದ ಮಹಿಳೆಯೊಬ್ಬರನ್ನು ಬೆಳಗಿನ ಹೊತ್ತಿಗೆ ಕಲಿಕೆಯ ಕೆಲಸಕ್ಕೆಂದು ನೇಮಿಸಿ, ತರಬೇತಿ ಕೊಡಿಸಿ, ಗೌರವಧನವನ್ನು ತಿಂಗಳು ತಪ್ಪದೆ ಕೊಡಿ. ಯಾವ ನಾಲ್ಕು ಎಂಬುದನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಚೀಟಿ ಎತ್ತಿ ತೀರ್ಮಾನಿಸಿ. ಎಂಟಕ್ಕೂ ಹಣ ಸಾಲದಿದ್ದಾಗ ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ. ಪ್ರಭಾವಿ ಸದಸ್ಯರ ಊರಿಗೇ ಹೋಯಿತು ಎಂಬ ಮಾತು ಬರುವುದಿಲ್ಲ, ಜೊತೆಗೆ ಹೋಲಿಕೆಗೆ ಪ್ರಾಮಾಣಿಕವಾದ ಇನ್ನೊಂದು ಗುಂಪೂ ಸಿಗುತ್ತದೆ. ಉಳಿದ ನಾಲ್ಕಕ್ಕೆ ಎರಡು ವರ್ಷದ ನಂತರ ಎಂದು ನಡಾವಳಿಯಲ್ಲೇ ಬರೆದಿಡಿ.

ಮೊದಲು ಅಳೆಯಬೇಕಾದದ್ದು ಸಮಯವನ್ನು. ತಿಂಗಳಿಗೆ ಒಂದೆರಡು ಬಾರಿ, ಮುಂಚೆ ಹೇಳದೆ, ಬೇರೆ ಬೇರೆ ಹೊತ್ತಿನಲ್ಲಿ ಕೇಂದ್ರಕ್ಕೆ ಹೋಗಬೇಕು. ಆ ಕ್ಷಣದಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ತಲೆ ಎಣಿಸಿ, ಹಾಜರಿ ಪುಸ್ತಕ ನೋಡಬೇಡಿ. ಮಕ್ಕಳು ಏನು ಮಾಡುತ್ತಿದ್ದಾರೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ: ಕತೆ, ಹಾಡು, ಮಣ್ಣಿನಾಟ, ಚಿತ್ರ, ಊಟ, ನಿದ್ದೆ, ಸುಮ್ಮನೆ ಕೂತಿರುವುದು. ತಪಾಸಣೆಯ ಗತ್ತಿನಲ್ಲಿ ಹೋದರೆ ಎರಡನೇ ಭೇಟಿಯಿಂದ ನಾಟಕ ಶುರುವಾಗುತ್ತದೆ. ಬಾಲವಿಕಾಸ ಸಮಿತಿಯ ತಾಯಂದಿರು ಈ ಕೆಲಸಕ್ಕೆ ತಕ್ಕವರು. ಒಂದು ವರ್ಷದ ಈ ಟಿಪ್ಪಣಿಗಳಲ್ಲಿ ಕಲಿಕೆಯ ಹೊತ್ತು ಹೆಚ್ಚಾದದ್ದು ಕಾಣದಿದ್ದರೆ ಮಕ್ಕಳನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಹಣ ಗುರಿ ಮುಟ್ಟಿಲ್ಲ ಎಂದು ಅಲ್ಲಿಗೇ ತಿಳಿಯುತ್ತದೆ.

ಮಕ್ಕಳ ಅಳತೆಗೆ ಒಂದು ಸರಳ ಉಪಾಯ ಹೇಳುತ್ತೇನೆ. ಒಂದೇ ಮಗುವಿನ ಮೊದಲು ಮತ್ತು ನಂತರವನ್ನು ಹೋಲಿಸಬೇಡಿ, ಒಂದೇ ವಯಸ್ಸಿನ ಎರಡು ತಂಡಗಳನ್ನು ಹೋಲಿಸಿ. ಈ ಜೂನ್‌ನಲ್ಲಿ ಐದು ವರ್ಷ ದಾಟಿದ ಮಕ್ಕಳು ಏನು ಮಾಡಬಲ್ಲರು ಎಂದು ಎಂಟೂ ಊರುಗಳಲ್ಲಿ ನೋಡಿ. ಎರಡು ವರ್ಷದ ನಂತರದ ಜೂನ್‌ನಲ್ಲಿ ಅಷ್ಟೇ ವಯಸ್ಸಿಗೆ ಬಂದಿರುವ ಮಕ್ಕಳನ್ನು ಅದೇ ಪ್ರಶ್ನೆಗಳಿಂದ ನೋಡಿ. ಹೊಸಬರನ್ನು ನೇಮಿಸಿದ ಕೇಂದ್ರಗಳ ಊರುಗಳಲ್ಲಿ ಇಪ್ಪತ್ತಕ್ಕೆ ಒಂಬತ್ತು ಮಕ್ಕಳು ಹತ್ತು ಕಲ್ಲು ಎಣಿಸುತ್ತಿದ್ದದ್ದು ಹದಿನಾಲ್ಕಕ್ಕೆ ಏರಿತು, ಉಳಿದ ಊರುಗಳಲ್ಲಿ ಒಂಬತ್ತರಿಂದ ಹನ್ನೊಂದಕ್ಕೆ ಏರಿತು ಎಂದಿಟ್ಟುಕೊಳ್ಳಿ. ಆಗ ನಿಮ್ಮ ಹಣದ ಪಾಲಿಗೆ ಐದು ಮಕ್ಕಳಲ್ಲ, ಮೂರು ಮಕ್ಕಳು. ಉಳಿದ ಎರಡರ ಏರಿಕೆ ಎಲ್ಲ ಕಡೆಯೂ ಆದ ಬದಲಾವಣೆಯ ಪಾಲು.

ಕೇಳುವ ಪ್ರಶ್ನೆಗಳು ಬಾಯಿಯಲ್ಲಿ, ಆಟದಂತೆ ಇರಲಿ. ಚಿತ್ರ ತೋರಿಸಿ ಏನೇನಿದೆ ಹೇಳು ಎನ್ನಿ, ಚಿಕ್ಕ ಕತೆ ಹೇಳಿ ತಿರುಗಿ ಹೇಳಿಸಿ, ಹುಣಸೆಬೀಜಗಳಲ್ಲಿ ಏಳನ್ನು ಎತ್ತಿಕೊಡು ಎನ್ನಿ, ಬಣ್ಣ ಮತ್ತು ಆಕಾರ ವಿಂಗಡಿಸಲು ಕೊಡಿ, ಎರಡು ಸೂಚನೆ ಒಟ್ಟಿಗೆ ಕೊಟ್ಟು ನೆನಪಿಟ್ಟು ಮಾಡುತ್ತದೆಯೇ ನೋಡಿ. ಐದು ವರ್ಷದ ಮಗುವಿಗೆ ಸ್ಲೇಟಿನಲ್ಲಿ ಅಆಇಈ ಬರೆಸುವುದನ್ನು ಅಳತೆಗೋಲು ಮಾಡಬೇಡಿ. ಮಾಡಿದರೆ ಮರುದಿನದಿಂದ ಇಡೀ ಅಂಗನವಾಡಿ ತಿದ್ದಿಸುವ ಕೆಲಸಕ್ಕೆ ಕೂರುತ್ತದೆ, ಕತೆ ಹಾಡುಗಳು ಹೊರಗೆ ಹೋಗುತ್ತವೆ. ಖಾಸಗಿ ಎಲ್‌ಕೆಜಿಗಳು ಪೋಷಕರನ್ನು ಸೆಳೆಯುವುದು ಆ ಬರವಣಿಗೆಯ ಪುಸ್ತಕಗಳಿಂದಲೇ. ‘ಆ ಮಕ್ಕಳೇ ಚುರುಕು’ ಎನ್ನುವವರಿಗೆ, ಚುರುಕು ಎಂದು ಯಾವುದನ್ನು ನೋಡಿ ಹೇಳುತ್ತಿದ್ದೀರಿ ಎಂದು ಕೇಳಿ. ಖಾಸಗಿಗೆ ಹೋಗುವ ಮಕ್ಕಳಿಗೂ ಇದೇ ಆಟಗಳನ್ನು ಆಡಿಸಿ, ವಯಸ್ಸು ಮತ್ತು ತಾಯಿಯ ಓದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಹೇಗೂ ಊರಿನ ಎಲ್ಲ ಮಕ್ಕಳನ್ನೂ ಪಟ್ಟಿಗೆ ಸೇರಿಸಬೇಕು. ಮನೆಮನೆ ಸಮೀಕ್ಷೆಯ ಪುಸ್ತಕ ಕಾರ್ಯಕರ್ತೆಯ ಬಳಿಯೇ ಇರುತ್ತದೆ.

ಅಳೆಯುವವರು ಆ ಕೇಂದ್ರದ ಕಾರ್ಯಕರ್ತೆಯೂ ಆಗಬಾರದು, ಹೊಸದಾಗಿ ನೇಮಿಸಿದವರೂ ಆಗಬಾರದು. ಪಕ್ಕದ ಊರಿನ ಶಿಕ್ಷಕಿಯೋ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳೋ ಬರಲಿ, ಯಾವ ಕೇಂದ್ರಕ್ಕೆ ಹಣ ಸಿಕ್ಕಿದೆ ಎಂಬುದು ಅವರಿಗೆ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಫಲಿತಾಂಶಕ್ಕೆ ಬಹುಮಾನವನ್ನೂ ಶಿಕ್ಷೆಯನ್ನೂ ಕಟ್ಟಬೇಡಿ. ಯಾವ ಮಗುವಿನ ಹೆಸರನ್ನೂ ಸಭೆಯಲ್ಲಿ ಓದಬೇಡಿ.

ವೆಚ್ಚದ ಕಡೆಯೂ ಪೂರ್ತಿ ಬರೆಯಿರಿ. ಗೌರವಧನದ ಜೊತೆಗೆ ತರಬೇತಿ, ಸಾಮಗ್ರಿ, ಭೇಟಿಗೆ ಹೋದವರ ದಿನಗೂಲಿ ಎಲ್ಲವೂ ಸೇರಲಿ. ಒಟ್ಟನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ‘ಒಂದು ಮಗುವಿಗೆ ವರ್ಷಕ್ಕೆ ಇಷ್ಟು ರೂಪಾಯಿ, ಅದರಿಂದ ದಿನಕ್ಕೆ ಇಷ್ಟು ನಿಮಿಷ ಹೆಚ್ಚು ಕಲಿಕೆ, ಇಪ್ಪತ್ತಕ್ಕೆ ಇಷ್ಟು ಹೆಚ್ಚು ಮಕ್ಕಳು ಇದನ್ನು ಮಾಡಬಲ್ಲರು’ ಎಂದು ಗ್ರಾಮಸಭೆಗೆ ಹೇಳಿ. ಪಟ್ಟಿನ ಲೆಕ್ಕಕ್ಕಿಂತ ಇದನ್ನು ಜನ ಬೇಗ ಗ್ರಹಿಸುತ್ತಾರೆ, ಬೇಕಿದ್ದರೆ ಪರೀಕ್ಷಿಸಿಯೂ ನೋಡಬಹುದು.

ಪ್ರಾಥಮಿಕ ಶಾಲೆಯ ಮಾತಿಗೆ ಬರುತ್ತೇನೆಂದಿದ್ದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಬೆಳೆಸಿದ ಪದ್ಧತಿ ಅದು. ಅದರಲ್ಲಿ ಮಗು ತನ್ನ ವೇಗದಲ್ಲೇ ಕಲಿಕಾ ಏಣಿ ಹತ್ತುತ್ತದೆ, ಯಾವ ಮೈಲಿಗಲ್ಲು ದಾಟಿದೆ ಎಂಬುದನ್ನು ಶಿಕ್ಷಕರು ಗುರುತಿಸಿಡುತ್ತಾರೆ. ಅಂದರೆ ಸಿದ್ಧ ಅಳತೆಯೊಂದು ನಿಮ್ಮ ಊರಿನಲ್ಲೇ ಇದೆ. ಒಂದನೇ ತರಗತಿಯ ಡಿಸೆಂಬರ್‌ನಲ್ಲಿ ಮತ್ತು ಮೂರನೇ ತರಗತಿಯ ಕೊನೆಯಲ್ಲಿ, ಯಾವ ಅಂಗನವಾಡಿಯಿಂದ ಬಂದ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂದು ಮುಖ್ಯಶಿಕ್ಷಕರ ಜೊತೆ ಕೂತು ನೋಡಿ. ಆರಂಭದ ಲಾಭ ಉಳಿಯಿತೇ ಕರಗಿತೇ ಎಂಬುದು ಅಲ್ಲಿ ಕಾಣುತ್ತದೆ. ಕರಗಿದ್ದರೆ ತಪ್ಪನ್ನು ಅಂಗನವಾಡಿಯ ತಲೆಗೆ ಕಟ್ಟುವ ಮೊದಲು ಒಂದನೇ ತರಗತಿಯಲ್ಲಿ ಏನಾಯಿತು ಎಂದು ವಿಚಾರಿಸಿ.

ಇದಕ್ಕೆಲ್ಲ ಬೇಕಾದ ಮೂಲ ಪಟ್ಟಿಯನ್ನು, ಅಂದರೆ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಾಯಿಯ ಓದು, ಈಗ ಎಲ್ಲಿಗೆ ಹೋಗುತ್ತಿದೆ, ಮೊದಲ ಜೂನ್‌ನಲ್ಲಿ ಏನು ಮಾಡಬಲ್ಲುದಾಗಿತ್ತು ಎಂಬುದನ್ನು, ಹಣದ ಮೊದಲ ಕಂತು ಹೋಗುವ ಮೊದಲೇ ಬರೆದಿಡಬೇಕು. ಆಮೇಲೆ ನೆನಪಿನಿಂದ ತುಂಬಿಸಿದ್ದು ನಿಲ್ಲುವುದಿಲ್ಲ. ಒಂದು ಪ್ರತಿ ಪಂಚಾಯಿತಿ ಕಚೇರಿಯ ಕಪಾಟಿನಲ್ಲಿ ಬೀಗದೊಳಗೆ ಇರಲಿ, ಅಳೆದ ವಿಧಾನವನ್ನೂ ಕೇಳಿದ ಪ್ರಶ್ನೆಗಳನ್ನೂ ಮೊದಲ ಪುಟದಲ್ಲೇ ಬರೆದಿರಲಿ. ನಿಮ್ಮ ಅವಧಿ ಐದು ವರ್ಷ. ಈ ಜೂನ್‌ನಲ್ಲಿ ಅಂಗನವಾಡಿಗೆ ಸೇರುವ ಮೂರು ವರ್ಷದ ಮಗು ಮೂರನೇ ತರಗತಿ ಮುಗಿಸುವ ಹೊತ್ತಿಗೆ ಕಡತ ತೆರೆಯುವವರು ಬೇರೆಯವರಾಗಿರುತ್ತಾರೆ. ಅವರು ನಿಮ್ಮನ್ನು ಕೇಳದೆಯೇ ಅದನ್ನು ಓದಿ ಮುಂದುವರಿಸುವಂತಿರಬೇಕು.